ಬಸ್ಸನ್ನು ತಿರುಗಿಸಿದವಳು ನಾನೇ

ತಾರೀಖು ೧೪, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಿನಗೆ ಸಿಟ್ಟು ಬಂದಿದೆ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಸಿಟ್ಟಿನಲ್ಲೇ ಓದು, ಪರವಾಗಿಲ್ಲ. ಹರಿಯುವುದಿದ್ದರೆ ಪೂರ್ತಿ ಓದಿದ ಮೇಲೆ ಹರಿ.

ಗುರುವಾರ ಹತ್ತು ಗಂಟೆಗೆ ನಮ್ಮ ಹೊಲಿಗೆ ಕ್ಲಾಸಿನ ಬಸ್ಸು ನಿಮ್ಮೂರ ನಿಲ್ದಾಣದಲ್ಲಿ ಇಪ್ಪತ್ತು ನಿಮಿಷ ನಿಲ್ಲುತ್ತದೆ, ಮಗುವನ್ನು ಎತ್ತಿಕೊಂಡು ಬಾ ಎಂದು ನಾನೇ ಬರೆದಿದ್ದೆ. ನೀನು ಬಂದೆ, ನಾನು ಬರಲಿಲ್ಲ. ಸಂಜೆ ನಿನ್ನ ಪಕ್ಕದ ಮನೆಯವರಿಗೆ ಫೋನ್ ಮಾಡಿದೆ. ನೀನು ಒಂದೂವರೆಯವರೆಗೆ ಕಾದು, ಮನೆಗೆ ಬಂದು ಬಾಗಿಲು ಹಾಕಿಕೊಂಡೆಯಂತೆ. ಸೇತುವೆ ಮುಚ್ಚಿತ್ತು, ಬಸ್ಸು ಬೇರೆ ದಾರಿ ಹಿಡಿಯಿತು ಎಂದು ನಿನಗೆ ತಿಳಿಸಲು ಹೇಳಿದೆ. ಅದು ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ.

ನಾವು ಹದಿನಾಲ್ಕು ಜನ ಹೊರಟಿದ್ದು ದೊಡ್ಡ ಬಟ್ಟೆ ಕಾರ್ಖಾನೆ ನೋಡುವುದಕ್ಕೆ. ಅದೇ ದಿನ ನಾಲ್ಕು ಗಂಟೆಗೆ, ಕೆಲಸ ಬೇಕು ಎನ್ನುವವರಿಗೆ ಅಲ್ಲಿನ ಮಾಸ್ಟರ್ ಹೊಲಿಗೆ ಪರೀಕ್ಷೆ ಇಡುತ್ತಾರೆ. ವರ್ಷಕ್ಕೆ ಒಂದೇ ಸಲ. ನಮ್ಮಲ್ಲಿ ಅದಕ್ಕೆ ಹೆಸರು ಕೊಟ್ಟಿದ್ದವಳು ಒಬ್ಬಳೇ, ದೊಡ್ಡಮ್ಮ. ನಮಗೇನೂ ನೆಂಟಳಲ್ಲ. ನಲವತ್ತೇಳು ವರ್ಷ ಎಂದು ಎಲ್ಲರೂ ಹಾಗೆ ಕರೆಯುತ್ತೇವೆ. ಗಂಡ ತೀರಿಕೊಂಡ ಮೇಲೆ ಮೈದುನನ ಮನೆಯಲ್ಲಿ ಇದ್ದಾಳೆ. ಬಡಿಸಿದ ಅನ್ನವನ್ನು ತಲೆ ಎತ್ತಿ ತಿನ್ನಬೇಕು, ಅದಕ್ಕೆ ಈ ಕೆಲಸ ಎಂದು ಒಮ್ಮೆ ಹೇಳಿದ್ದಳು. ಬಸ್ಸಿನಲ್ಲೂ ಮಡಿಲಲ್ಲಿ ಒಂದು ಕಾಲರ್ ಇಟ್ಟುಕೊಂಡು ಬಿಚ್ಚುವುದು, ಹೊಲಿಯುವುದು ಮಾಡುತ್ತಲೇ ಇದ್ದಳು.

ಒಂಬತ್ತಕ್ಕೆ ಹೊಳೆ ದಂಡೆಗೆ ಬಂದೆವು. ಸೇತುವೆಗೆ ಅಡ್ಡ ಕಂಬ ಹಾಕಿದ್ದರು. ಮೊದಲ ಕಮಾನಿನಲ್ಲಿ ಬಿರುಕು ಬಿಟ್ಟಿದೆ, ನೋಡುತ್ತಿದ್ದಾರೆ, ಇನ್ನೊಂದು ಗಂಟೆ ಆಗಬಹುದು, ಸಂಜೆಯೂ ಆಗಬಹುದು ಎಂದ ಕಾವಲುಗಾರ. ಸುತ್ತು ದಾರಿ ಇತ್ತು. ಡ್ರೈವರಣ್ಣ ಹೇಳಿದ್ದು, "ಹತ್ತೂವರೆ ಒಳಗೆ ಹೊರಟ್ರೆ ನಾಲ್ಕಕ್ಕೆ ಮುಟ್ಟಿಸ್ತೀನಿ. ಆಮೇಲೆ ನನ್ನ ಬೈಬೇಡಿ" ಎಂದು. ನಿಮ್ಮೂರು ಹೊಳೆಯ ಆಚೆಗೆ. ಸುತ್ತು ದಾರಿಯಲ್ಲಿ ಅದು ಸಿಗುವುದೇ ಇಲ್ಲ.

ನಮ್ಮ ಕ್ಲಾಸಿನಲ್ಲಿ ಒಂದು ಪದ್ಧತಿ ಇದೆ. ಏನಾದರೂ ಬದಲಾಯಿಸಬೇಕಾದರೆ ಟೀಚರ್ ಎಲ್ಲರಿಗೂ ಒಂದು ಬಿಳಿ ಗುಂಡಿ, ಒಂದು ಕಪ್ಪು ಗುಂಡಿ ಕೊಡುತ್ತಾರೆ. ಡಬ್ಬಿ ಕೈಯಿಂದ ಕೈಗೆ ಹೋಗುತ್ತದೆ. ಒಪ್ಪಿಗೆ ಇದ್ದರೆ ಬಿಳಿ, ಇಲ್ಲದಿದ್ದರೆ ಕಪ್ಪು. ಒಂದೇ ಒಂದು ಕಪ್ಪು ಬಿದ್ದರೂ ಬದಲಾವಣೆ ಇಲ್ಲ. ಯಾರು ಹಾಕಿದ್ದು ಎಂದು ಯಾರೂ ಕೇಳುವ ಹಾಗಿಲ್ಲ. ಬಾಯಿ ಜೋರಿದ್ದವರದೇ ನಡೆಯಬಾರದು ಎಂದು ಟೀಚರ್ ಇದನ್ನು ಮಾಡಿದ್ದು. ನನ್ನಂಥ ಬಾಯಿ ಇಲ್ಲದವರಿಗಾಗಿಯೇ ಮಾಡಿದ್ದು ಎಂದರೂ ತಪ್ಪಿಲ್ಲ.

ಸುತ್ತು ದಾರಿ ಹಿಡಿಯೋಣವೇ ಎಂದು ಡಬ್ಬಿ ಬಂತು. ನಾನು ಕಪ್ಪು ಹಾಕಿದೆ.

ಬಸ್ಸು ಅಲ್ಲೇ ನಿಂತಿತು. ನಾವು ರೇಡಿಯೋ ಎಂದು ಕರೆಯುವ ಹುಡುಗಿಯಂತೂ, "ಯಾವಳೋ ಅವಳು, ಅವಳ ಸೂಜಿ ದಿನಾ ಮುರೀಲಿ" ಎಂದು ಬೈಯತೊಡಗಿದಳು. ದೊಡ್ಡಮ್ಮ ಮಾತ್ರ ಕಾಲರಿನಿಂದ ಕಣ್ಣೆತ್ತದೆ, "ಸುಮ್ನಿರೇ. ಯಾವ ಪುಣ್ಯಾತ್ಗಿತ್ತಿಗೆ ಏನು ಕಷ್ಟವೋ" ಎಂದಳು. ಬೈಗುಳ ನನಗೆ ತಾಗಲೇ ಇಲ್ಲ ಅಕ್ಕ. ಈ ಮಾತು ತಾಗಿತು.

ನಿನ್ನ ಪಕ್ಕದ ಮನೆಗೆ ಮೂರು ಸಲ ಫೋನ್ ಮಾಡಿದೆ. ಯಾರೂ ಎತ್ತಲಿಲ್ಲ. ಹತ್ತು ಗಂಟೆಯಾಯಿತು. ಬರುವ ಬಸ್ಸುಗಳನ್ನೆಲ್ಲ ನೀನು ಇಣುಕಿ ನೋಡುತ್ತಿರಬೇಕು ಎಂದುಕೊಂಡೆ. ಹತ್ತೂಕಾಲಿಗೆ ಡ್ರೈವರಣ್ಣ ಗಡಿಯಾರ ನೋಡಿದ. ದೊಡ್ಡಮ್ಮ ಕಾಲರನ್ನು ಮಡಚಿ ಚೀಲದಲ್ಲಿ ಇಟ್ಟುಬಿಟ್ಟಳು. ಅದನ್ನು ನೋಡಿ ನನ್ನಿಂದ ಕೂತಿರಲು ಆಗಲಿಲ್ಲ.

ಎದ್ದು ನಿಂತೆ. ಕಪ್ಪು ನನ್ನದು ಎಂದೆ. ನೀನು ಮನೆ ಬಿಟ್ಟು ಐದು ವರ್ಷ ಆಯಿತು, ಅಮ್ಮ ನಿನ್ನ ಹೆಸರು ಎತ್ತುವುದಿಲ್ಲ, ಕದ್ದು ನೋಡಲು ಇದೊಂದೇ ದಾರಿ ಇತ್ತು ಎಂದೆಲ್ಲ ಹೇಳಿದೆ. ಹೇಗೆ ಹೇಳಿದೆನೋ ನನಗೇ ತಿಳಿಯದು. ಇನ್ನೊಮ್ಮೆ ಡಬ್ಬಿ ಕಳಿಸಿ ಟೀಚರ್, ನಾನು ಬಿಳಿ ಹಾಕುತ್ತೇನೆ ಎಂದೆ. ದೊಡ್ಡಮ್ಮ, "ಇಷ್ಟು ಹೇಳೋಕೆ ಇಷ್ಟು ಹೊತ್ತಾ? ಬಾಯಿಗೂ ಹೊಲಿಗೆ ಹಾಕ್ಕೊಂಡಿದ್ಯೇನೇ?" ಎಂದು ನಕ್ಕಳು.

ಡಬ್ಬಿ ಮತ್ತೆ ಸುತ್ತಿ ಬಂತು. ಟೀಚರ್ ಅಂಗೈಗೆ ಸುರಿದುಕೊಂಡರು. ಮತ್ತೆ ಒಂದು ಕಪ್ಪು.

ಯಾರೂ ಕೇಳುವ ಹಾಗಿಲ್ಲವಲ್ಲ. ಆಗ ದೊಡ್ಡಮ್ಮನೇ ಹೇಳಿದಳು: "ನಂದು ಕಣ್ರೇ. ಪರೀಕ್ಷೆ ಬರೋ ವರ್ಷನೂ ಬರುತ್ತೆ. ಒಡಹುಟ್ಟಿದವಳು ಮಗು ಎತ್ಕೊಂಡು ನಿಂತಿದಾಳೆ, ಕಾಯೋಣ."

ಅಕ್ಕ, ಅಲ್ಲಿ ನಾನು ಸುಮ್ಮನಿದ್ದುಬಿಟ್ಟಿದ್ದರೆ ಸಾಕಿತ್ತು. ಸೇತುವೆ ಹನ್ನೆರಡಕ್ಕೆ ತೆರೆಯಿತಂತೆ. ಒಂದು ಗಂಟೆಗೆ ನೀನು ಸಿಗುತ್ತಿದ್ದೆ, ದೊಡ್ಡಮ್ಮನ ಪರೀಕ್ಷೆ ತಪ್ಪುತ್ತಿತ್ತು. ಸುಮ್ಮನಿರುವುದು ನನಗೇನು ಹೊಸದೇ? ನೀನು ಮನೆ ಬಿಟ್ಟ ದಿನ ಅಮ್ಮ ಕೂಗಾಡುತ್ತಿದ್ದಾಗ ಹೊಸ್ತಿಲಲ್ಲಿ ನಿಂತು ನನ್ನ ಮುಖವನ್ನೇ ನೋಡಿದೆ. ನಾನು ನೆಲ ನೋಡಿದೆ. ಹೋಗಬೇಡ ಎನ್ನಲಿಲ್ಲ, ಹೋಗಿ ಬಾ ಎಂದೂ ಅನ್ನಲಿಲ್ಲ.

ನಾನು ಹೋಗಿ ಟೀಚರ್ ಅಂಗೈಯಿಂದ ಆ ಕಪ್ಪು ಗುಂಡಿಯನ್ನು ಎತ್ತಿಕೊಂಡೆ. ಹಾಗೆ ಯಾರೂ ಯಾವತ್ತೂ ಮಾಡಿಲ್ಲ. ಡ್ರೈವರಣ್ಣ, ಬಸ್ಸು ತಿರುಗಿಸಿ ಎಂದೆ. ಟೀಚರ್ ನನ್ನನ್ನು ಒಂದು ಸಲ ನೋಡಿ, ಹೂಂ ಎಂದು ಅವನಿಗೆ ತಲೆಯಾಡಿಸಿದರು. ನಾಲ್ಕು ಜನರ ಮುಂದೆ ನಾನು ಮೊದಲ ಸಲ ಬಾಯಿ ಬಿಟ್ಟದ್ದು, ಬಸ್ಸನ್ನು ನಿನ್ನಿಂದ ಆಚೆಗೆ ತಿರುಗಿಸುವುದಕ್ಕೆ. ನಿನ್ನ ಮುಖ ನೋಡಬೇಕಲ್ಲ ಎಂಬ ಹೆದರಿಕೆಯೂ ಅದರಲ್ಲಿ ಒಂದಿಷ್ಟು ಇತ್ತೋ ಏನೋ. ಇರಲಿಲ್ಲ ಎಂದು ಆಣೆ ಮಾಡಲಾರೆ.

ನಾಲ್ಕಕ್ಕೆ ಐದು ನಿಮಿಷ ಇರುವಾಗ ಮುಟ್ಟಿದೆವು. ದೊಡ್ಡಮ್ಮ ಹೊಲಿದ ಕಾಲರನ್ನು ಮಾಸ್ಟರ್ ಬೆಳಕಿಗೆ ಹಿಡಿದು ನೋಡಿ, ಇಷ್ಟು ವರ್ಷ ಎಲ್ಲಿ ಇದ್ದಿರಿ ಎಂದು ಕೇಳಿದರಂತೆ. "ಅಡುಗೆಮನೇಲಿ" ಎಂದಳಂತೆ. ಮುಂದಿನ ತಿಂಗಳು ಕೆಲಸಕ್ಕೆ ಸೇರುತ್ತಾಳೆ.

ತಪ್ಪಾಯಿತು ಎಂದು ಬರೆಯಲು ಕೂತೆ. ಈಗ ಆ ಮಾತು ಬರೆದರೆ ದೊಡ್ಡಮ್ಮನಿಗೆ ಮೋಸ ಮಾಡಿದ ಹಾಗೆ ಆಗುತ್ತದೆ. ನೀನು ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಅಷ್ಟು ಹೊತ್ತು ನಿಂತೆಯಲ್ಲ, ಅದಕ್ಕೆ ಬೈದಾದರೂ ಒಂದು ಕಾಗದ ಬರಿ.

ಇಂತಿ,
ಅವತ್ತು ಹೊಸ್ತಿಲ ಒಳಗೇ ಉಳಿದ
ನಿನ್ನ ತಂಗಿ

ತಾ. ಕ.: ಇದರ ಜೊತೆ ಇರುವ ಹಳದಿ ಫ್ರಾಕು ನಾನು ಹೊಲಿದದ್ದಲ್ಲ. ಮೊನ್ನೆ ಮನೆಗೆ ಬಂದು ಚೀಲ ಇಳಿಸುವ ಮೊದಲೇ ಅಮ್ಮ, "ಮಗು ಎಷ್ಟುದ್ದ ಆಗಿದೆ?" ಎಂದು ಕೇಳಿದಳು. ಅವಳಿಗೆ ಎಲ್ಲ ಗೊತ್ತಿತ್ತು. ನಿನ್ನ ಕಾಗದಗಳನ್ನು ನಾನಿಲ್ಲದಾಗ ನಮ್ಮ ಪಕ್ಕದ ಮನೆ ಹುಡುಗಿಯಿಂದ ಓದಿಸಿಕೊಳ್ಳುತ್ತಿದ್ದಳಂತೆ. ನೋಡಲಿಲ್ಲ ಎಂದೆ. ಅವಳು ಆಮೇಲೆ ತನ್ನ ಒಂದು ಸೀರೆ ಕತ್ತರಿಸಿದಳು. ಅಳತೆ ಗೊತ್ತಿಲ್ಲದ್ದಕ್ಕೆ ಒಳಗೆ ಮೂರು ಬೆರಳಿನಷ್ಟು ಬಟ್ಟೆ ಮಡಚಿಟ್ಟಿದ್ದಾಳೆ, ಬಿಗಿಯಾದರೆ ಬಿಚ್ಚಿಕೋ. ಅಳತೆ ಬರೆದು ಕಳಿಸಬೇಕಂತೆ. ಇನ್ನು ಮೇಲೆ ಕಾಗದವನ್ನು ನನ್ನ ಹೆಸರಿಗೆ ಬರೆಯಬೇಡ, ಅವಳ ಹೆಸರಿಗೇ ಬರೆಯಬೇಕಂತೆ.