ಇವರ ಡೀಸೆಲ್ ಲೆಕ್ಕ

ಫೆಬ್ರುವರಿ 3, ಬೆಳಿಗ್ಗೆ 6
ಮತ್ತೆ ಅದೇ ರಾಮಾಯಣ. ಸಾಲಿಯಲ್ಲಿ ನಲವತ್ತು ಮಕ್ಕಳು ಸಾಲದೆಂದು ಮನೆಯಲ್ಲಿ ಗಂಡನಿಗೂ ಪಾಠ. ಸಾಲಿ ಮಕ್ಕಳು ಟೀಚರನ್ನು ಕರೆಯುವಂತೆ ಇವರೂ ನನ್ನನ್ನು 'ಬಾಯಾರ' ಎನ್ನುವುದು. ಇವರಿಗೆ ಹತ್ತನೆಯ ತರಗತಿಯ ಗಣಿತ ಒಂದೇ ಪಾಸಾಗಲು ಬಾಕಿ. ಲೆಕ್ಕ ಕೊಟ್ಟೆ: ಜೀಪು ಲೀಟರ್‌ಗೆ 15 ಕಿ.ಮೀ. ಓಡುತ್ತದೆ, 90 ಕಿ.ಮೀ.ಗೆ ಎಷ್ಟು ಡೀಸೆಲ್?

"ಲೋಡ್ ಎಷ್ಟೈತಿ?"

"ಲೋಡ್ ಇಲ್ರಿ."

"ಖಾಲಿ ಜೀಪ್ ತೊಗೊಂಡು ತೊಂಬತ್ತು ಕಿಲೋಮೀಟರ್ ಯಾಕ್ ಹೊಂಟಾನ?"

ಕೋಣನ ಮುಂದೆ ಕಿನ್ನರಿ. ಅದೂ ತಿರುಗಿ ಪ್ರಶ್ನೆ ಕೇಳುವ ಕೋಣ.

ಫೆ. 9
ಲೀಟರ್‌ಗೆ 92 ರೂಪಾಯಿ, 6 ಲೀಟರ್‌ಗೆ ಎಷ್ಟು?

"ಲೀಟರ್ ಲೆಕ್ಕದಾಗ ಯಾರ್ ಹಾಕಸ್ತಾರ, ಬಾಯಾರ? ನಾ ಐದನೂರಾ ಹತ್ತರದ ಹಾಕಸ್ತೀನಿ. ರೌಂಡ್ ಫಿಗರ್ ಅಂದ್ರ ಮಶೀನ್‌ದಾಗ ಕಡಿಮಿ ಬೀಳೂ ಸೆಟ್ಟಿಂಗ್ ಇರತೈತಿ."

ತಾಲೂಕಿಗೆ ತಾಲೂಕೇ ಇದನ್ನು ನಂಬಿದೆ. ನಾನೂ ಸ್ಕೂಟಿಗೆ ನೂರಾ ಹತ್ತರದ್ದೇ ಹಾಕಿಸುವುದು. ಪುಸ್ತಕ ಮುಚ್ಚಿ ಎದ್ದೆ.

ಒಳಗಿನಿಂದ ಅತ್ತೆ: "ಬೈಬ್ಯಾಡವ್ವಾ. ಕಾಂತೇಶ ಸಣ್ಣಾವ ಇದ್ದಾಗೂ ಮಾಸ್ತರಗ ಹಿಂಗಽ ಕಾಡ್ತಿದ್ದ."

ಫೆ. 22
ಹದಿಮೂರು ದಿನ ಪುಸ್ತಕ ಮುಟ್ಟಿಲ್ಲ. ಉಳ್ಳಾಗಡ್ಡಿ ಹೇರಿಕೊಂಡು ಇವರ ಟೆಂಪೊ ದಿನಾ ಸೊಲ್ಲಾಪುರಕ್ಕೆ. ಇವತ್ತು ಜಗಳವಾಡಿದೆ. ಎಸ್‌ಟಿ ಎಂಬ ಮಹಾರಾಷ್ಟ್ರ ಸರ್ಕಾರಿ ಬಸ್ಸಿಗೆ ಚಾಲಕನಾಗಲು ಹತ್ತನೆಯದು ಪಾಸಾಗಿರಬೇಕು, ಜೂನ್‌ಗೆ ವಯಸ್ಸು ಮೀರುತ್ತದೆ. ಮಾರ್ಚಿನ ಪರೀಕ್ಷೆಯೇ ಕೊನೆಯ ಅವಕಾಶ. ಬಸ್ ಓಡಿಸುವ ಆಸೆ ಇವರದೇ, ನನ್ನದಲ್ಲ. ಪುಸ್ತಕ ತೆಗೆದರು.

ಮಾರ್ಚ್ 2
ಐದಕ್ಕೆ ಐದೂ ಸರಿ! ಲೋಡ್ ಕೇಳಲಿಲ್ಲ, ರೋಡ್ ಕೇಳಲಿಲ್ಲ. ಖುಷಿಯಾಯಿತು. ನಮ್ಮೂರು ನಾಗಣಸೂರಿಗೆಲ್ಲ ಕೂಗಿ ಹೇಳಬೇಕೆನಿಸಿತು.

ಮಾರ್ಚ್ 5, ಅಕ್ಕಲಕೋಟ, ಮಧ್ಯಾಹ್ನ 1.40
ಪರೀಕ್ಷಾ ಕೇಂದ್ರದ ಎದುರು, ಚಹಾ ಅಂಗಡಿ. ನಗುತ್ತಾ ಬಂದರು. ಡೀಸೆಲ್ ಲೆಕ್ಕವೇ ಬಂದಿತ್ತಂತೆ: ಟ್ಯಾಂಕಿನಲ್ಲಿ 60 ಲೀಟರ್, ಲೀಟರ್‌ಗೆ 5 ಕಿ.ಮೀ. ಟ್ರಕ್ ಎಷ್ಟು ದೂರ ಹೋಗಬಹುದು?

"ಮುನ್ನೂರು ಅಂತ ಬರದಿದ್ದೆ."

"ಬರದಿದ್ದೆ ಅಂದ್ರ?"

"ಅದನ್ನ ಕಾಟ್ ಹೊಡದು ಎರಡನೂರಾ ಎಪ್ಪತ್ತೈದು ಮಾಡೀನಿ. ಐದ್ ಲೀಟರ್ ಉಳಸಬೇಕಲ್ಲ? ಡೀಸೆಲ್ ಪೂರಾ ಮುಗೀತಂದ್ರ ಪೈಪಿನ್ಯಾಗ ಹವಾ ಹೊಕ್ಕೊಂತೈತಿ, ಗಾಡಿ ನಡು ದಾರ್ಯಾಗ ನಿಂದರತೈತಿ. ಖಾಲಿ ಆಗೋತನಕ ಹೊಡಿತೀನಂತ ಬರದು ಕೊಟ್ರ ನನ್ನ ಕೈಯಾಗ ಬಸ್ ಯಾರ್ ಕೊಡ್ತಾರ? ನೀನಽ ಹೇಳು."

ಪ್ರಶ್ನೆಪತ್ರಿಕೆ ಇಸಿದುಕೊಂಡು ಉಳಿದ ಸರಿ ಉತ್ತರಗಳ ಅಂಕ ಕೂಡಿಸಿದೆ. ಎರಡು ಸಲ. ಮೂವತ್ಮೂರು. ಪಾಸಾಗಲು ಮೂವತ್ತೈದು ಬೇಕು. ಆ ಲೆಕ್ಕಕ್ಕೆ ಎರಡು ಅಂಕ.

ಹಣೆ ಚಚ್ಚಿಕೊಳ್ಳಬೇಕೆನಿಸಿತು. ಪೇಪರ್ ನೋಡುವವರು ಬಸ್ ಕೊಡುವವರಲ್ಲ ಮಾರಾಯರೇ ಎಂದು ಚೀರಬೇಕೆನಿಸಿತು. ಸಿಟ್ಟಿನ ಜೊತೆಗೇ ಅಳು. ಇವರ ಕೈಗೇ ಬಸ್ ಕೊಡಬೇಕು, ಇನ್ನಾರಿಗೆ?

ಅತ್ತೆಗೆ ಫೋನ್ ಹಚ್ಚಿದ್ದಾರೆ. "ಅವ್ವಾ, ಪೇಪರ್ ಬೆಸ್ಟ್ ಹೋಗೇತಿ! ತಡಿ, ಬಾಯಾರ ಹೇಳ್ತಾರ ಕೇಳು." ಫೋನ್ ನನ್ನ ಕಡೆ ಚಾಚಿದ್ದಾರೆ. ನಾನು ಏನಂತ—