ಬದಲಿ ಮರಿ ಬೇಡ

ಹದಿನಾರನೇ ತಾರೀಕು, ಗುರುವಾರ

ಪ್ರೀತಿಯ ಪುಟ್ಟಿಗೆ,

ಅಕ್ಕನ ಆಶೀರ್ವಾದ. ಕೋಪದಲ್ಲಿ ಬರೆಯುತ್ತಿದ್ದೇನೆ. ಆದರೂ ಆಶೀರ್ವಾದವನ್ನು ಮೊದಲ ಸಾಲಿಗೇ ಬರೆದುಬಿಟ್ಟೆ, ಆಮೇಲೆ ಕೈ ಬರುತ್ತದೋ ಇಲ್ಲವೋ.

ಭಾನುವಾರ ನಿನ್ನ ಯಜಮಾನರು ವ್ಯಾನಿನಲ್ಲಿ ಪಂಜರ ಇಟ್ಟುಕೊಂಡು ಬರುತ್ತಾರೆ, ಕುಂಟುವ ನಾಯಿಮರಿಯನ್ನು ಕೊಟ್ಟು ಹೊಸ ಮರಿಯನ್ನು ಇಳಿಸಿಕೋ ಎಂದು ಫೋನಿನಲ್ಲಿ ಹೇಳಿದೆ. ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಮಾತಿನಲ್ಲಿ ನಿನ್ನನ್ನು ಗೆದ್ದವರು ನಮ್ಮ ವಂಶದಲ್ಲೇ ಇಲ್ಲ. ಅದಕ್ಕೇ ಗಿರಣಿಗೆ ಬೀಗ ಹಾಕಿ ಕಾಗದ ಹಿಡಿದಿದ್ದೇನೆ. ಕಾಗದ ನಡುವೆ ಬಾಯಿ ಹಾಕುವುದಿಲ್ಲ. ಕಡ್ಡಿ ಮುರಿದ ಹಾಗೆ ಹೇಳುತ್ತೇನೆ ಕೇಳು: ಮರಿಯನ್ನು ಕೊಡುವುದಿಲ್ಲ.

ನಿನ್ನ ಅಂಗಳದಲ್ಲಿ ಅದನ್ನು ಎತ್ತಿಕೊಂಡ ದಿನ ನೀನು ನಾಲ್ಕು ಹಾಳೆ ತಂದು ನನ್ನ ಮುಂದಿಟ್ಟೆ. "ಅಕ್ಕಾ, ಸಂಬಂಧ ಬೇರೆ, ವ್ಯಾಪಾರ ಬೇರೆ. ಆರೋಗ್ಯದ ಗ್ಯಾರಂಟಿ ಇದು, ಓದಿ ಸಹಿ ಹಾಕು" ಅಂದೆ. ಹಾಗೆ ಹೇಳಿದ ಪುಣ್ಯ ನಿನಗೇ ಇರಲಿ. ಓದದೆ ಸಹಿ ಹಾಕಿದವಳು ನಾನು. ಒಡಹುಟ್ಟಿದವಳ ಮನೆಯಲ್ಲಿ ಕುಳಿತು, ಕನ್ನಡಕ ಏರಿಸಿ, ಸಾಲುಸಾಲಿಗೆ ಬೆರಳಿಟ್ಟು ಕರಾರು ಓದಿದರೆ ಎದುರಿಗೇ ನಿನ್ನನ್ನು ಮೋಸಗಾತಿ ಅಂದ ಹಾಗೆ ಎಂದುಕೊಂಡೆ. ಬೇರೆ ಯಾರ ಹತ್ತಿರ ಕೊಂಡಿದ್ದರೂ ಚುಕ್ಕಿ ಬಿಡದೆ ಓದುತ್ತಿದ್ದೆ. ಮರಿಯನ್ನು ಮೊದಲ ವಾರದಲ್ಲೇ ಡಾಕ್ಟರಿಗೆ ತೋರಿಸಬೇಕು ಅಂತ ಅದರಲ್ಲಿತ್ತಂತೆ. ಅದನ್ನೂ ಮಾಡಲಿಲ್ಲ. ತಂಗಿ ಕೊಟ್ಟ ಮರಿಯನ್ನು ಪರೀಕ್ಷೆ ಮಾಡಿಸುವುದು ತಂಗಿಯನ್ನೇ ಪರೀಕ್ಷೆ ಮಾಡಿಸಿದ ಹಾಗೆ ಅಲ್ಲವೇ! ಇಂಥ ದಡ್ಡತನ ಅಕ್ಕಂದಿರಿಗೆ ಮಾತ್ರ ಬರುತ್ತದೆ.

ಮರಿ ಬಂದ ಮೇಲೆ ಗಿರಣಿಗೆ ಒಂದು ಕಳೆ ಬಂತು. ಹಿಟ್ಟು ಬೀಳುವ ತೂಬಿನ ಕೆಳಗೆ ಮೂಗು ಒಡ್ಡಿ, ಮುಖವೆಲ್ಲ ಬಿಳಿ ಮಾಡಿಕೊಂಡು ಗಿರಾಕಿಗಳ ಮುಂದೆ ನಿಲ್ಲುತ್ತಿತ್ತು. ಹಿಟ್ಟಮ್ಮ ಅಂತ ಹೆಸರಿಟ್ಟವಳು ಮೂಲೆಮನೆ ಅಜ್ಜಿ. ನಾಯಿಯನ್ನು ಒಳಗೆ ಸೇರಿಸಿದರೆ ನಾನು ಹೊರಗೆ ಮಲಗುತ್ತೇನೆ ಎಂದಿದ್ದ ನಿನ್ನ ಭಾವ ಈಗ ಅದಕ್ಕೆ ಹೊದಿಸಿ ತಾವು ನಡುಗುತ್ತಾ ಮಲಗುತ್ತಾರೆ.

ಆಮೇಲೆ ಅದು ಓಡುವಾಗ ಹಿಂದಿನ ಒಂದು ಕಾಲನ್ನು ಎತ್ತಿಕೊಳ್ಳತೊಡಗಿತು. ನಾಲ್ಕು ಹೆಜ್ಜೆ ನೆಟ್ಟಗೆ, ಆಮೇಲೆ ಕುಂಟೆಬಿಲ್ಲೆ ಆಡುವ ಹುಡುಗಿಯ ಹಾಗೆ ಟಣ್ ಟಣ್ ಅಂತ ಒಂದು ಹಾರಿಕೆ. ಆಟ ಅಂದುಕೊಂಡು ನಕ್ಕೆವು. ಒಂದು ದಿನ ಗಿರಣಿಯ ಮೆಟ್ಟಿಲ ಮೇಲೆ ಕುಯ್ಯೆಂದು ಕುಸಿದಾಗ ನಗು ನಿಂತಿತು. ಡಾಕ್ಟರಮ್ಮ ಕಾಲು ಮಡಿಸಿ ನೀವಿ, "ಮೊಣಕಾಲಿನ ಚಿಪ್ಪು ಜಾಗ ಬಿಟ್ಟು ಜಾರ್ತಿದೆ. ಬಿದ್ದು ಆಗಿರೋದಲ್ಲ, ಹುಟ್ಟಿನಿಂದ ಬಂದಿರೋದು. ಕೊಂಡಾಗ ಕಾಗದ ಏನಾದ್ರೂ ಮಾಡ್ಕೊಂಡಿದ್ರಾ?" ಎಂದು ಕೇಳಿದಳು. ಆಗ ಪೆಟ್ಟಿಗೆಯ ತಳದಿಂದ ಆ ನಾಲ್ಕು ಹಾಳೆ ಹೊರಗೆ ಬಂದವು.

ಗ್ಯಾರಂಟಿ ಅಂದರೆ ಮರಿಗೆ ಏನೂ ಆಗುವುದಿಲ್ಲ ಎಂಬ ಮಾತು ಅಂತ ನಾನು ತಿಳಿದಿದ್ದೆ. ಡಾಕ್ಟರಮ್ಮ ನಕ್ಕಳು. "ಅಷ್ಟು ಮಾತು ಯಾರ ಕೈಲೂ ಕೊಡಕ್ಕಾಗಲ್ಲಮ್ಮ. ಏನಾದ್ರೂ ಆದ್ರೆ ಯಾರು ಏನು ಮಾಡ್ಬೇಕು ಅನ್ನೋದಷ್ಟೇ ಗ್ಯಾರಂಟಿ" ಅಂದಳು. ಮೊದಲ ವಾರದ ಷರತ್ತು ಅಂಟುಜಾಡ್ಯಗಳಿಗೆ. ಅದು ನನ್ನ ದಡ್ಡತನಕ್ಕೆ ಸಂದುಹೋಯಿತು. ಹುಟ್ಟಿನ ದೋಷಕ್ಕೆ ಒಂದು ವರ್ಷದ ಅವಧಿ, ಡಾಕ್ಟರ ಬರಹ ಇರಬೇಕು. ಅದು ಇನ್ನೂ ಇದೆ. ಪರಿಹಾರ ಏನು? ಮರಿಯನ್ನು ಹಿಂದಕ್ಕೆ ಕೊಟ್ಟರೆ ಬದಲಿ ಮರಿ. ಔಷಧ, ಆರೈಕೆ ಕೊಂಡವರ ತಲೆಗೆ. ಎಲ್ಲವೂ ಅಚ್ಚುಕಟ್ಟಾಗಿ ಬರೆದಿದೆ ಪುಟ್ಟಿ. ನೀನು ಮೋಸ ಮಾಡಿದ್ದೀಯ ಅಂತ ನಾನು ಎಲ್ಲೂ ಹೇಳುವುದಿಲ್ಲ.

ಆದರೆ ಹಿಂದಕ್ಕೆ ಬಂದ ಮರಿ ಏನಾಗುತ್ತದೆ ಅಂತ ನಾಲ್ಕು ಹಾಳೆಯಲ್ಲಿ ಒಂದು ಸಾಲೂ ಇಲ್ಲ. ನಿನ್ನನ್ನೇ ಕೇಳಿದೆ. ಅಷ್ಟು ಹೊತ್ತು ಪಟಪಟ ಮಾತಾಡುತ್ತಿದ್ದವಳು ಮೊಟಕಾಗಿ, "ಅದನ್ನ ನಾವು ನೋಡ್ಕೋತೀವಿ ಬಿಡಕ್ಕ" ಅಂದೆ. ನಿಮ್ಮ ನೋಡಿಕೊಳ್ಳುವುದು ನನಗೆ ಗೊತ್ತಿಲ್ಲವೇ? ಹೋದ ವರ್ಷ ಕಣ್ಣು ಕಾಣದ ಮರಿಯನ್ನು ನೋಡಿಕೊಂಡಿರಿ. ಸಾಯಿಸುವ ಸೂಜಿ ಹಾಕಿಸಿ ಬಂದು ನನ್ನ ಸೆರಗಿನಲ್ಲಿ ಮೂಗು ಒರೆಸಿಕೊಂಡು ಅತ್ತವಳು ನೀನೇ. ಆ ಅಳು ನಿಜವಾದದ್ದು ಅಂತ ಈಗಲೂ ನಂಬುತ್ತೇನೆ. ಅದನ್ನು ನಂಬುವುದರಿಂದಲೇ ಹಿಟ್ಟಮ್ಮನನ್ನು ನಿನ್ನ ಕೈಗೆ ಕೊಡುವುದಿಲ್ಲ. ಇನ್ನೊಂದು ಸಲ ಅಷ್ಟು ಅಳಲು ನಿನಗೂ ಬೇಡ.

ನಿನ್ನ ಯಜಮಾನರು ನಡುವೆ ಫೋನು ಕಸಿದುಕೊಂಡು, "ಅತ್ತಿಗೆ, ನಿಮಗೊಂದು ರೂಲ್ಸು, ಊರಿಗೊಂದು ರೂಲ್ಸು ಮಾಡಕ್ಕಾಗಲ್ಲ. ಕರಾರು ಅಂದ್ರೆ ಕರಾರು" ಅಂದರು. ಸರಿಯಾದ ಮಾತು. ನಾನೂ ಅದನ್ನೇ ಹಿಡಿದುಕೊಂಡಿದ್ದೇನೆ. ಕರಾರು ಏನು ಹೇಳುತ್ತದೆ? ನಾನು ಕೇಳಿದರೆ ನೀವು ಕೊಡಬೇಕು. ಕೇಳಲೇಬೇಕು ಅಂತ ಎಲ್ಲಿದೆ? ಡಾಕ್ಟರಮ್ಮನ ಹತ್ತಿರ ಎರಡು ಸಲ ಓದಿಸಿದೆ, ಎಲ್ಲೂ ಇಲ್ಲ. ನಾನು ಬದಲಿ ಕೇಳುವುದಿಲ್ಲ, ದುಡ್ಡು ಕೇಳುವುದಿಲ್ಲ. ಹಾಗಿದ್ದ ಮೇಲೆ ಪಂಜರ ಯಾತಕ್ಕೆ?

ಯಾತಕ್ಕೆ ಅಂತ ನನಗೆ ಗೊತ್ತು, ನಿನ್ನ ಬಾಯಿಂದ ಬರಲಿ ಅಂತ ಕಾದೆ. ಈ ಕಡೆಯ ಅರ್ಧ ಜನ ನನ್ನ ಗಿರಣಿಗೆ ಹಿಟ್ಟಿಗೆ ಬರುತ್ತಾರೆ. ಬಂದವರೆಲ್ಲ ಕುಂಟುವ ಮರಿಯನ್ನು ನೋಡಿ, ಎಲ್ಲಿಂದ ತಂದಿರಿ ಅಂತ ಕೇಳುತ್ತಾರೆ. ಅಕ್ಕನ ಅಂಗಡಿಯಲ್ಲಿ ಕುಂಟುವ ಮರಿ ತಂಗಿಯ ವ್ಯಾಪಾರಕ್ಕೆ ನಡೆದಾಡುವ ಬೋರ್ಡು. ನಿನ್ನ ಭಯ ಸುಳ್ಳಲ್ಲ. ಕೇಳಿದವರಿಗೆ ನಾನು ನಿಜವನ್ನೇ ಹೇಳುತ್ತೇನೆ ಎಂಬುದೂ ಸುಳ್ಳಲ್ಲ. ಬೆಳಿಗ್ಗೆ ದೇವರ ಹೆಸರು ಹೇಳಿದ ಬಾಯಲ್ಲಿ ಮಧ್ಯಾಹ್ನ, ಬಿದ್ದು ಕಾಲು ಮುರಿದುಕೊಂಡಿತು ಅಂತ ಹೇಗೆ ಹೇಳಲಿ? ಆದರೆ ನಿಜ ಎಷ್ಟು ಉದ್ದ ಇರಬೇಕು ಎಂಬುದು ನಿನ್ನ ಕೈಯಲ್ಲಿದೆ. "ನನ್ನ ತಂಗಿ ಮನೇದು, ಹುಟ್ಟಿನಿಂದ ಕಾಲು ಹೀಗೆ" ಅಂತ ಹೇಳಿ ನಿಲ್ಲಿಸಲೇ? ಅಥವಾ "ಗೊತ್ತಾದ ದಿನಾನೇ ಆ ತಾಯಿಗೆ ಮರಿ ಹಾಕಿಸೋದು ನಿಲ್ಲಿಸಿಬಿಟ್ಳು ನನ್ನ ತಂಗಿ" ಅಂತ ಸೇರಿಸಲೇ? ಎರಡನೆಯದನ್ನು ಹೇಳಲು ನನಗೆ ಆಸೆ. ಹೇಳುವ ಹಾಗೆ ಮಾಡು. ಬೋರ್ಡು ಆಗ ನಿನ್ನ ಪರವಾಗಿಯೇ ನಡೆದಾಡುತ್ತದೆ.

ಬದಲಿ, ಬದಲಿ ಅಂತ ಎಷ್ಟು ಸಲ ಅಂದೆ ನೀನು! ನಿನ್ನ ಭಾವನಿಗೆ ಸೊಂಟ ಹಿಡಿದಿದೆ, ಮೂಟೆ ಎತ್ತುವುದನ್ನೇ ಬಿಟ್ಟಿದ್ದಾರೆ. ಹಿಂದಕ್ಕೆ ಒಪ್ಪಿಸಿ ಬದಲಿ ತರಲು ಅತ್ತೆಮನೆಗೆ ಹೋಗಲೇ? ನಿನ್ನ ಭಾವನಿಗೇ ಈ ಮಾತು ಹೇಳಿದರೆ, "ಗ್ಯಾರಂಟಿ ಅವಧಿ ಮುಗಿದಿದೆ, ಸುಮ್ನಿರೇ" ಅಂತ ನಗುತ್ತಾರೆ. ದೇವರು ಯಾರನ್ನೂ ಗ್ಯಾರಂಟಿ ಕೊಟ್ಟು ಹುಟ್ಟಿಸಿಲ್ಲ ಪುಟ್ಟಿ. ಕೈಗೆ ಕೊಡುತ್ತಾನೆ, ಸಾಕು ಅನ್ನುತ್ತಾನೆ. ಸಾಕು ಅಂದರೆ ಸಾಕಬೇಕು, ಅಷ್ಟೇ. ನಾನು ಓದಿದ್ದು ಊರ ಶಾಲೆಯಲ್ಲಿ, ನಿನ್ನಷ್ಟು ಓದಲಿಲ್ಲ, ನಿನ್ನ ಹಾಗೆ ವ್ಯವಹಾರ ಮಾಡಲೂ ಬರುವುದಿಲ್ಲ. ಇದನ್ನು ಹಠ ಅನ್ನು, ಮೊಂಡುತನ ಅನ್ನು, ವಯಸ್ಸಾಯಿತು ಅನ್ನು. ಭಾನುವಾರ ವ್ಯಾನು ಬಂದರೆ ಬಾಗಿಲಲ್ಲಿ ನಾನೇ ನಿಂತಿರುತ್ತೇನೆ. ಪಂಜರ ವ್ಯಾನಿನಲ್ಲೇ ಇರಲಿ. ನಿನ್ನ ಯಜಮಾನರು ಇಳಿಯಲಿ, ಉಂಡು ಹೋಗಲಿ. ನೀನೂ ಬಾ.

ಸಿಟ್ಟಿದ್ದರೆ ಬೈದು ಬರೆ. ಬರೆಯದೆ ಇರಬೇಡ.

ಜಗ್ಗದೆ ನಿಂತಿರುವ,
ನಿನ್ನ ಅಕ್ಕ

ತಾ.ಕ.: ಒಂದು ಷರತ್ತನ್ನು ಮೇಲೆ ಬರೆಯಲಿಲ್ಲ, ಬೇಕೆಂದೇ ಬಿಟ್ಟೆ. ಮಾರಿದವರ ಒಪ್ಪಿಗೆಯ ಬರಹವಿಲ್ಲದೆ ಮರಿಗೆ ಶಸ್ತ್ರಚಿಕಿತ್ಸೆ ಮಾಡಿಸಿದರೆ ಆ ಕ್ಷಣದಿಂದ ಗ್ಯಾರಂಟಿ ರದ್ದು, ಬದಲಿಯೂ ಇಲ್ಲ, ಏನೂ ಇಲ್ಲ ಎಂದು ಕೊನೆಯ ಹಾಳೆಯಲ್ಲಿದೆ. ಈ ಸಲ ಕನ್ನಡಕ ಹಾಕಿಕೊಂಡು, ನಾನೇ ಓದಿ, ಅರ್ಥಮಾಡಿಕೊಂಡೇ ಇವತ್ತು ಬೆಳಿಗ್ಗೆ ಹಿಟ್ಟಮ್ಮನನ್ನು ಆಪರೇಷನ್ನಿಗೆ ಕೊಟ್ಟೆ. ಕಾಗದ ಬರೆದಿದ್ದು ಡಾಕ್ಟರಮ್ಮನ ಬಾಗಿಲ ಹೊರಗಿನ ಬೆಂಚಿನ ಮೇಲೆ ಕುಳಿತು. ಸಾಲು ಅಲ್ಲಲ್ಲಿ ಅರ್ಧಕ್ಕೆ ನಿಂತಿದ್ದರೆ ಅದು ನಿನ್ನ ಮೇಲಿನ ಕೋಪಕ್ಕಲ್ಲ, ಬಾಗಿಲು ತೆರೆದಾಗಲೆಲ್ಲ ಎದ್ದು ಹೋಗಿ ಇಣುಕುತ್ತಿದ್ದೆ. ಈಗಷ್ಟೇ ಒಳಗಿನಿಂದ ಕರೆದರು. ಕಣ್ಣು ಬಿಟ್ಟಳಂತೆ.