ಕುಲುಮೆಗೆ ಅನುಮತಿ, ಕೋಳಿಗೆ ವಿಟಮಿನ್

ಮಾನ್ಯ ಮಾಲಿನ್ಯ ನಿಯಂತ್ರಣಾಧಿಕಾರಿಗಳೇ,

ಹಳೇ ಬ್ಯಾಟರಿ ಕರಗಿಸಿ ಸೀಸ ತೆಗೆಯುವ ಕುಲುಮೆ ನನ್ನ ಹಿತ್ತಲ ಗೋಡೆಗೇ ಅಂಟಿಕೊಂಡಿದೆ. ಅದರ ಹೊಗೆ ಕೂತ ಮಣ್ಣನ್ನೇ ನನ್ನ ಕೋಳಿಗಳು ಕೆದಕಿ ತಿನ್ನುತ್ತವೆ. ಅವುಗಳ ರಕ್ತದಲ್ಲಿ ಸೀಸವಿದೆ ಎಂದು ಪರೀಕ್ಷೆ ಮಾಡಿಸಿ ಹೇಳಿದ್ದು ನಿಮ್ಮ ಕಚೇರಿಯೇ. ಹೇಳಿ ಏನು ಮಾಡಿದಿರಿ? ಕುಲುಮೆಗೆ ಅನುಮತಿ ಮುಂದುವರಿಸಿ, ಕೋಳಿಗಳಿಗೆ ಕುಡಿಸಿರೆಂದು ವಿಟಮಿನ್ ಇ ಮತ್ತು ಸಿ ಬಾಟಲಿ ಕಳಿಸಿಕೊಟ್ಟಿರಿ. ತಮ್ಮ ದಯೆ ದೊಡ್ಡದು.

ನಾನು ಹೊಟ್ಟೆಕಿಚ್ಚಿನವಳು, ಮೊದಲೇ ಹೇಳಿಬಿಡುತ್ತೇನೆ. ನನ್ನ ಓರಗಿತ್ತಿಯ ಮನೆ ಸೇತುವೆಯಾಚೆ, ಈ ಹೊಗೆ ಸುಳಿಯದ ಕಡೆ ಇದೆ. ಅವಳ ಕೋಳಿ ಕಾವಿಗೆ ಕೂತರೆ ಬುಟ್ಟಿ ತುಂಬ ಮರಿ, ನನ್ನದು ಕೂತರೆ ಕೊಳೆತ ಮೊಟ್ಟೆ. ಕೆಲವು ಮೊಟ್ಟೆಗಳ ಚಿಪ್ಪು ಹಿಡಿದರೇ ಕುಸಿಯುತ್ತದೆ. ಅವಳ ಅಂಗಳದಲ್ಲಿ ಮರಿಗಳ ಸದ್ದು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಅಕ್ಕನಿಗೆ ಕಾವು ಕೂರಿಸೋಕೆ ಬರಲ್ಲ ಪಾಪ, ಎಂದು ಅವಳು ನೆಂಟರ ಮುಂದೆ ಬೇರೆ ಹೇಳಿದಳು.

ನನಗೆ ತಡೆಯಲಾಗಲಿಲ್ಲ. ಅವಳ ಮೊಟ್ಟೆಗಳನ್ನೇ ಇಸಿದುಕೊಂಡು ಬಂದು ನನ್ನ ಕೋಳಿಯ ಕೆಳಗಿಟ್ಟೆ. ಎಲ್ಲವೂ ಮರಿಯಾದವು! ಬುಟ್ಟಿ ಹೊತ್ತು ಅವಳ ಬಾಗಿಲಿಗೇ ಹೋಗಿ ತೋರಿಸಿ ಬಂದೆ. ಆಮೇಲೆ ಆ ಮರಿಗಳು ನನ್ನ ಹಿತ್ತಲಲ್ಲೇ ಮೇಯ್ದು ಬೆಳೆದವು, ಮೊಟ್ಟೆಯಿಟ್ಟವು. ಆ ಮೊಟ್ಟೆಗಳಲ್ಲಿ ಒಂದೂ ಮರಿಯಾಗಲಿಲ್ಲ. ತಪ್ಪು ತಳಿಯದಲ್ಲ, ನನ್ನ ಕೈಯದೂ ಅಲ್ಲ, ಈ ಮಣ್ಣಿನದು ಎನ್ನಲು ಇನ್ನೆಂಥ ಪರೀಕ್ಷೆ ಬೇಕು ಸ್ವಾಮಿ?

ವಿಟಮಿನ್ ದಂಡ ಎನ್ನುವುದಿಲ್ಲ. ಕುಡಿಸಿದ ಮೇಲೆ ಚಿಪ್ಪು ತುಸು ಗಟ್ಟಿಯಾಯಿತು, ಒಂದೆರಡು ಮರಿಯೂ ಬಂದವು. ಪಶುವೈದ್ಯರನ್ನು ಕೇಳಿದೆ. "ಸೀಸ ಮಾಡೋ ಹಾನೀನ ಇದು ಒಂದಿಷ್ಟು ತಡೆಯುತ್ತೆ ಅಮ್ಮ. ದಿನಾ ವಿಷ ತಿಂತಾನೇ ಇದ್ರೆ ಎಷ್ಟೂಂತ ತಡೆಯುತ್ತೆ?" ಎಂದರು. ಇಷ್ಟು ನಿಮ್ಮ ತಜ್ಞರಿಗೆ ತಿಳಿಯದೆ? ತೂತು ಬಿಂದಿಗೆಗೆ ನೀರು ತುಂಬುವ ಕೆಲಸವನ್ನು ನನಗೇಕೆ ವಹಿಸಿದಿರಿ? ಅಂದ ಹಾಗೆ, ತಮ್ಮ ವಸತಿಗೃಹವೂ ಸೇತುವೆಯಾಚೆಯೇ ಇದೆಯಂತೆ. ಕಿಟಕಿ ತೆರೆದೇ ಮಲಗುತ್ತೀರಂತೆ. ಅದಕ್ಕೂ ನನಗೆ ಹೊಟ್ಟೆಕಿಚ್ಚು.

ಈಗ ನನ್ನ ಸೊಸೆ ಬಸುರಿ. ಕಳೆದ ವಾರ ಆಸ್ಪತ್ರೆಯಲ್ಲಿ ಅವಳ ರಕ್ತದಲ್ಲೂ ಸೀಸ ಸಿಕ್ಕಿತು. ಔಷಧಿ ಆಮೇಲೆ, ಮೊದಲು ಆ ಮನೆಯಿಂದ ಕರೆದುಕೊಂಡು ಹೋಗಿ ಎಂದರು ವೈದ್ಯೆ. ಎಲ್ಲಿಗೆ? ಸುದ್ದಿ ಕೇಳಿ ಓರಗಿತ್ತಿ ತಾನಾಗಿ ಬಂದಳು. "ಮಗು ಹುಟ್ಟಿ ಗಟ್ಟಿಯಾಗೋವರೆಗೂ ನಮ್ಮನೇಲೇ ಇರಲಿ ಬಿಡಕ್ಕ," ಎಂದು ಸೊಸೆಯ ಚೀಲ ಎತ್ತಿಕೊಂಡು ಹೊರಟೇಬಿಟ್ಟಳು. ನಾನು ಅವಳ ಕೈ ಹಿಡಿದು ಕಣ್ಣಿಗೊತ್ತಿಕೊಳ್ಳಬೇಕಿತ್ತು. ಹೊಟ್ಟೆ ಉರಿದುಕೊಂಡು ಬಾಗಿಲಲ್ಲೇ ನಿಂತೆ.

ಆದ್ದರಿಂದ ಕುಲುಮೆಯ ಅನುಮತಿ ರದ್ದು ಮಾಡಿ. ನನ್ನ ಹಿತ್ತಲ ಮಣ್ಣು ಎತ್ತಿಸಿ, ಬೇರೆ ಮಣ್ಣು ಹಾಕಿಸಿ. ಬಾಟಲಿ ಇನ್ನು ಕಳಿಸಬೇಡಿ. ತಾವು ತಡಮಾಡಿದಷ್ಟೂ ನನ್ನ ಮೊಮ್ಮಗು ಓರಗಿತ್ತಿಯ ಮಡಿಲಲ್ಲೇ ಬೆಳೆಯುತ್ತದೆ, ಮಾತು ಬಂದಾಗ ಮೊದಲು ಅಜ್ಜಿ ಎನ್ನುವುದೂ ಅವಳನ್ನೇ.

ಇಂತಿ,
ಮೊಮ್ಮಗುವಿನ ಮುಖ ನೋಡಲು ಓರಗಿತ್ತಿಯ ಬಾಗಿಲು ತಟ್ಟಬೇಕಾದವಳು